ಸಸ್ಯ ಸಂರಕ್ಷಣಾ ತಳಿವಿಜ್ಞಾನ

ಅಳಿವಿನಂಚಿನ ಸಸ್ಯಗಳನ್ನು ಅವುಗಳ ಆನುವಂಶಿಕ ವೈವಿಧ್ಯದೊಂದಿಗೆ ಉಳಿಸಿಕೊಳ್ಳುವ ಬಗೆಯನ್ನು ತಿಳಿಸುವ ಅನ್ವಯಿಕ ವಿಜ್ಞಾನ. ಒಂದು ಪ್ರಭೇದದ ಎಷ್ಟು ಗಿಡಗಳು ಉಳಿದಿವೆ ಎಂಬುದರ ಜೊತೆಗೆ ಅವು ಎಷ್ಟು ತಾಯಿಗಿಡಗಳ ಸಂತತಿ, ಒಂದಕ್ಕೊಂದು ಎಷ್ಟು ಭಿನ್ನ ಎಂಬುದನ್ನೂ ಇದು ಪರಿಶೀಲಿಸುತ್ತದೆ.

ತತ್ತ್ವ: ಗಿಡಗಳ ಸಂಖ್ಯೆ ಕುಸಿದಾಗ ವಂಶವಾಹಿಗಳ ಅಪರೂಪದ ರೂಪಗಳು ಮೊದಲು ಕಳೆದುಹೋಗುತ್ತವೆ. ಮುಂದೆ ಸಂಖ್ಯೆ ಚೇತರಿಸಿಕೊಂಡರೂ ಅವು ಮರಳುವುದಿಲ್ಲ. ಹತ್ತಿರದ ಸಂಬಂಧಿಗಳ ನಡುವಿನ ಸಂಕರದಿಂದ ಜೊಳ್ಳು ಬೀಜ, ಸೊರಗಿದ ಸಸಿಗಳು ಹೆಚ್ಚುತ್ತವೆ. ಹೊಸ ರೋಗವೋ ಬರವೋ ಬಂದಾಗ ತಾಳಿಕೊಳ್ಳುವ ಗಿಡವೇ ಗುಂಪಿನಲ್ಲಿ ಇಲ್ಲದಿರಬಹುದು. ಸ್ವಕೀಯ ಪರಾಗವನ್ನು ಒಲ್ಲದ ಸಸ್ಯಗಳಲ್ಲಿ ಒಡಹುಟ್ಟಿದ ಗಿಡಗಳ ಪರಾಗವೂ ಹಲವು ವೇಳೆ ಫಲಿಸದು. ಹೂ ತುಂಬಿದರೂ ಬೀಜ ಕಟ್ಟುವುದಿಲ್ಲ.

ವಿಧಾನ: ಎಲೆಯ ಚೂರುಗಳಿಂದ ಡಿಎನ್‌ಎ ತೆಗೆದು, ಗಿಡದಿಂದ ಗಿಡಕ್ಕೆ ಬದಲಾಗುವ ಭಾಗಗಳನ್ನು ಹೋಲಿಸುತ್ತಾರೆ. ಬೇರಿನಿಂದ ಚಿಗುರಿ ಹರಡುವ ಸಸ್ಯಗಳಲ್ಲಿ ನೂರು ಗಿಡಗಳಂತೆ ಕಾಣುವುದು ಒಂದೇ ಗಿಡವಾಗಿರಬಹುದು. ಅದು ಈ ಪರೀಕ್ಷೆಯಿಂದ ತಿಳಿಯುತ್ತದೆ. ಬೀಜ ಸಂಗ್ರಹಕ್ಕೂ ಲೆಕ್ಕವಿದೆ. ಶೇ. 5ರಷ್ಟು ಪ್ರಮಾಣದಲ್ಲಿರುವ ವಂಶವಾಹಿ ರೂಪವೊಂದು ಸಂಗ್ರಹದಲ್ಲಿ ಸೇರಿರುವ ಸಂಭವ ಶೇ. 95 ಆಗಬೇಕಾದರೆ, ಪರಸ್ಪರ ಸಂಬಂಧವಿಲ್ಲದ ಸುಮಾರು 30 ಗಿಡಗಳ ಮಾದರಿ ಬೇಕು.

ಮೌನಾ ಕೇಯಾದ ಸಿಲ್ವರ್‌ಸ್ವೋರ್ಡ್: ಹವಾಯಿಯ ಮೌನಾ ಕೇಯಾ ಜ್ವಾಲಾಮುಖಿ ಪರ್ವತದ ಈ ಸಸ್ಯ ಸೂರ್ಯಕಾಂತಿ ಕುಟುಂಬದ್ದು. ಬೆಳ್ಳಿ ಬಣ್ಣದ ರೋಮ ಹೊದ್ದ ಎಲೆಗಳ ಗಿಡ ಹಲವು ವರ್ಷ ಬೆಳೆದು, ಸಾಮಾನ್ಯವಾಗಿ ಒಮ್ಮೆ ಮಾತ್ರ ಹೂ ಬಿಟ್ಟು ಸಾಯುತ್ತದೆ. ಹೊರಗಿನಿಂದ ತಂದುಬಿಟ್ಟ ಕುರಿ, ಮೇಕೆ, ದನಗಳ ಮೇಯುವಿಕೆಯಿಂದ ಅದು ಅಳಿವಿನ ಅಂಚಿಗೆ ಬಂತು. 1970ರ ದಶಕದಿಂದ ನೂರಾರು ಸಸಿಗಳನ್ನು ಬೆಳೆಸಿ ನೆಡಲಾಯಿತು. ಆದರೆ ನೆಟ್ಟವೆಲ್ಲ ಎರಡೇ ತಾಯಿಗಿಡಗಳ ಸಂತತಿಯಾಗಿದ್ದವು. ಅವುಗಳ ವೈವಿಧ್ಯ ಕುಗ್ಗಿದೆಯೆಂದು 2000ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿತು. ಕಡಿದಾದ ಬಂಡೆಗಳಲ್ಲಿ ಉಳಿದಿದ್ದ ಕಾಡುಗಿಡಗಳ ಪರಾಗವನ್ನು ತಂದು ನೆಟ್ಟ ಗಿಡಗಳ ಹೂಗಳಿಗೆ ಕೈಯಿಂದ ಸೋಕಿಸುವ ಕ್ರಮ ಈ ಕೊರತೆಗೆ ಪರಿಹಾರವಾಯಿತು.

ವೊಲೆಮಿ ಪೈನ್: ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಕಣಿವೆಯೊಂದರಲ್ಲಿ 1994ರಲ್ಲಿ ಪತ್ತೆಯಾದ ಈ ಮರದ ಕಾಡಿನ ವಯಸ್ಕ ಸಂಖ್ಯೆ ನೂರಕ್ಕೂ ಕಡಿಮೆ. ಆನುವಂಶಿಕ ವೈವಿಧ್ಯ ಅತ್ಯಲ್ಪವಾದ್ದರಿಂದ ಇಲ್ಲಿ ಸಂಕರದಿಂದ ಹೆಚ್ಚು ಲಾಭವಿಲ್ಲ. ಬೇರು ಕೊಳೆಸುವ ಫೈಟಾಫ್ತೊರಾ ರೋಗಾಣು ಕಣಿವೆಯಲ್ಲಿ ಹರಡದಂತೆ ಮರಗಳಿರುವ ಜಾಗವನ್ನು ಗುಟ್ಟಾಗಿಡಲಾಗಿದೆ. ಕಡ್ಡಿಗಳಿಂದ ಬೆಳೆಸಿದ ಸಸಿಗಳನ್ನು ಅನೇಕ ದೇಶಗಳ ಉದ್ಯಾನಗಳಲ್ಲಿ ಕಾಪಿಡಲಾಗಿದೆ.

ಮಿತಿ: ಎಲ್ಲ ಗುಂಪುಗಳನ್ನೂ ಬೆರೆಸುವುದು ಯಾವಾಗಲೂ ಹಿತವಲ್ಲ. ದೂರದ, ಬೇರೆ ಮಣ್ಣು-ಮಳೆಗೆ ಒಗ್ಗಿದ ಗಿಡಗಳ ಸಂಕರದಿಂದ ಸ್ಥಳೀಯ ಹೊಂದಾಣಿಕೆ ಕೆಡಬಹುದು. ನೆಲೆಯೇ ನಾಶವಾಗುತ್ತಿದ್ದರೆ ತಳಿವಿಜ್ಞಾನವೊಂದರಿಂದಲೇ ಸಸ್ಯ ಉಳಿಯದು.

ಕರ್ನಾಟಕದಲ್ಲಿ: ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಹೆಸರು ಹೊತ್ತ, 2000ರಲ್ಲಿ ಹೊಸ ಪ್ರಭೇದವೆಂದು ವರ್ಣಿತವಾದ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಮರ ರಾಮಪತ್ರೆ ಜಡ್ಡಿಗಳೆಂಬ ಸಿಹಿನೀರಿನ ಜೌಗುಗಳಲ್ಲಷ್ಟೇ ಕಾಣಸಿಗುತ್ತದೆ. ಇದರಲ್ಲಿ ಗಂಡು, ಹೆಣ್ಣು ಮರಗಳು ಬೇರೆ ಬೇರೆ. ಬೀಜ ಬಿಡುವುದು ಹೆಣ್ಣು ಮರಗಳು ಮಾತ್ರ. ಒಂದೆರಡು ಮರಗಳಡಿಯ ಬೀಜಗಳಿಂದಲೇ ಸಸಿ ಮಾಡಿದರೆ ಇಲ್ಲಿಯೂ ಮೌನಾ ಕೇಯಾದ ತಪ್ಪೇ ಮರುಕಳಿಸುತ್ತದೆ. ಬೇರೆ ಬೇರೆ ಜಡ್ಡಿಗಳ ಹಲವು ತಾಯಿಮರಗಳ ಬೀಜಗಳನ್ನು ಪ್ರತ್ಯೇಕ ಗುರುತಿನೊಂದಿಗೆ ಬೆಳೆಸುವುದು ಇಂಥ ಪ್ರಭೇದಗಳಿಗೆ ತಕ್ಕ ಕ್ರಮ.