ಕಡೆತದ ಕಾಯಕ: ಅಣ್ಣಿಗೇರಿಯ ಕಂಬದಿಂದ ಹುಬ್ಬಳ್ಳಿಯ ಸಿ.ಎನ್.ಸಿ. ಲೇತಿನವರೆಗೆ

ಕನ್ನಡದ ‘ಕಡೆ’ ಎಂಬ ಧಾತುವಿಗೆ ಮೊಸರನ್ನು ಮಥಿಸು ಎಂಬ ಅರ್ಥವೂ, ವಸ್ತುವನ್ನು ತಿರುಗಿಸುತ್ತ ಉಳಿಯಿಂದ ರೂಪಕ್ಕೆ ತರು ಎಂಬ ಅರ್ಥವೂ ಉಂಟು. ಕಡೆಗೋಲಿಗೂ ಹಳೆಯ ತಿರುಗಣಿಗೂ ಹಗ್ಗದ ಎಳೆತವೇ ಚಾಲಕಶಕ್ತಿಯಾಗಿತ್ತೆಂಬುದನ್ನು ನೆನೆದರೆ ಈ ಸಾಮ್ಯ ಆಕಸ್ಮಿಕವೆನಿಸದು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯ ಸುಮಾರು ಕ್ರಿ.ಶ. 1050ರ ಕಲ್ಯಾಣ ಚಾಲುಕ್ಯರ ರಚನೆ. ಈ ಶೈಲಿಯ ಬಳಪದ ಕಲ್ಲಿನ ಕಂಬಗಳ ಸಮವೃತ್ತ ಉಂಗುರಗಳನ್ನು ತಿರುಗಣಿಯ ಮೇಲೆ ಕಡೆದರೆಂಬುದು ಅನೇಕ ವಿದ್ವಾಂಸರ ಅಭಿಮತ. ಕಂಬ ಉಳಿಯಿತು; ಕಡೆದವರ ಮಾತು ಉಳಿಯಲಿಲ್ಲ.

ಲೋಹದ ಕಡೆತ ಹುಬ್ಬಳ್ಳಿಗೆ ಬೇರೂರಿದ್ದು ರೈಲಿನ ಮೂಲಕ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಸ್ಥಾಪನೆಗೊಂಡಿತು; ಅದೇ ದಶಕದಲ್ಲಿ ಇಲ್ಲಿ ಅದರ ಕಾರ್ಯಾಗಾರ ತಲೆಯೆತ್ತಿತು. ಫಿಟ್ಟರ್, ಟರ್ನರ್ ಎಂಬ ಪದಗಳು ಮನೆಮಾತಾದುದು ಇಂಥ ಕಾರ್ಯಾಗಾರಗಳಿಂದಲೇ. ಮುಂದೆ 1941ರಲ್ಲಿ ಹರಿಹರದಲ್ಲಿ ಆರಂಭವಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತುಗಳನ್ನು ಕರ್ನಾಟಕದಲ್ಲಿಯೇ ತಯಾರಿಸಿತು. ಗೋಕುಲ ರಸ್ತೆ, ತಾರಿಹಾಳಗಳ ಕೈಗಾರಿಕಾ ಪ್ರದೇಶಗಳು ಬೆಳೆದಂತೆ, ವಿಶೇಷವಾಗಿ ವಾಲ್ವ್ ತಯಾರಿಕೆಯಿಂದ, ಬಿಡಿಭಾಗ ಕಡೆದುಕೊಡುವ ಸಣ್ಣ ಘಟಕಗಳಿಗೆ ಕೆಲಸ ದೊರೆಯಿತು.

ಕೈಲೇತಿನ ಕೆಲಸಗಾರನ ವಿದ್ಯೆ ಇಂದ್ರಿಯಗಳಲ್ಲಿದೆ. ಉಕ್ಕಿನಿಂದ ಸುರುಳಿಯಾಗಿ ಏಳುವ ಸಿಪ್ಪೆ ನೀಲಿಗೆ ತಿರುಗಿದರೆ ಕಾವು ಏರಿದೆಯೆಂದು ಅರಿಯುತ್ತಾನೆ. ಕೀರಲು ದನಿ ಕೇಳಿದರೆ ಉಳಿಯ ಮೊನೆಯನ್ನೋ ಹಿಡಿತವನ್ನೋ ಶಂಕಿಸುತ್ತಾನೆ. ಸಿ.ಎನ್.ಸಿ. ಲೇತಿನಲ್ಲಿ ಈ ಕೈಚಲನೆಯನ್ನು ಅಕ್ಷರ-ಅಂಕಿಗಳು ನಿರ್ದೇಶಿಸುತ್ತವೆ: ‘ಜಿ 01’ ಎಂದರೆ ಸರಳರೇಖೆಯ ಕಡೆತ, ‘ಎಂ 03’ ಎಂದರೆ ಕದಿರು ತಿರುಗಲಿ ಎಂಬ ಆಜ್ಞೆ. ಬಡಗಿಗಳ ‘ಸೂತ’ ಇಂಚಿನ ಎಂಟನೆಯ ಒಂದು ಭಾಗ. ಇಲ್ಲಿಯ ಲೆಕ್ಕ ಮಿಲಿಮೀಟರಿನ ಸಾವಿರದ ಒಂದು ಭಾಗದಲ್ಲಿ. ಆದರೂ ಹಳೆಯ ಲೇತು ಮೂಲೆಗುಂಪಾಗಿಲ್ಲ. ಕಬ್ಬಿನ ಗಾಣದ ಸವೆದ ಒಂದೇ ಒಂದು ದಂಡವನ್ನು ಕಡೆಯಬೇಕಾದಾಗ ಪ್ರೋಗ್ರಾಂ ಬರೆದು ಯಂತ್ರ ಹೊಂದಿಸುವಷ್ಟರಲ್ಲಿ ನುರಿತ ಕೈ ಕೆಲಸವನ್ನೇ ಮುಗಿಸಿರುತ್ತದೆ. ನೂರಾರು ಸಮಾನ ಬಿಡಿಭಾಗಗಳಾದರೆ ಮಾತು ಬೇರೆ.

ನಮ್ಮ ವೃತ್ತಿಪದ ಸಂಗ್ರಹಗಳು ಹೆಚ್ಚಾಗಿ ಕುಂಬಾರ, ನೇಕಾರ, ಕಮ್ಮಾರರ ಬಳಿಯೇ ನಿಂತಿವೆ. ಕಾರ್ಖಾನೆಯೊಳಗೆ ಜಾನಪದವಿಲ್ಲವೆಂಬ ಸಂಕೋಚ ನಮ್ಮ ಶಿಸ್ತಿನದು, ಕೆಲಸಗಾರರದಲ್ಲ. ಖಂಡೇನವಮಿಯಂದು ಅವರು ಎರಡೂ ಯಂತ್ರಗಳಿಗೆ ವಿಭೂತಿ, ಕುಂಕುಮ ಹಚ್ಚುತ್ತಾರೆ. ಕೈಲೇತಿನಲ್ಲಿ ಕುಂಕುಮ ಬೀಳುವುದು ಕೈ ಹಿಡಿದು ಸವೆಸಿದ ಚಕ್ರದ ಮೇಲೆ, ಸಿ.ಎನ್.ಸಿ.ಯಲ್ಲಿ ಪರದೆಯ ಚೌಕಟ್ಟಿನ ಮೇಲೆ. ಸಿಪ್ಪೆಯ ಬಣ್ಣ ಓದಬಲ್ಲ ಹಿರಿಯರ ಮಾತನ್ನು, ಅವರು ನಿವೃತ್ತರಾಗುವ ಮುನ್ನವೇ ಧ್ವನಿಮುದ್ರಿಸಿಕೊಳ್ಳಬೇಕಾಗಿದೆ.