ಅಂಗೈಯಗಲದ ಹಿಡಿತ

ಟೈರಿನ ಪಕ್ಕೆಯ ಮೇಲೆ 225/45 ಆರ್17 91ಡಬ್ಲ್ಯೂ ಎಂದು ಅಚ್ಚಾಗಿರುತ್ತದೆ. ಇದೇ ಆ ಟೈರಿನ ಜಾತಕ. ಅಗಲ 225 ಮಿಲಿಮೀಟರ್. ಪಕ್ಕೆಯ ಎತ್ತರ ಅದರ ಶೇ 45, ಅಂದರೆ ಸುಮಾರು 101 ಮಿಲಿಮೀಟರ್. ‘ಆರ್’ ಎಂದರೆ ರೇಡಿಯಲ್, ರಿಮ್ 17 ಇಂಚಿನದು. 91 ಎಂಬುದು 615 ಕಿಲೋ ಭಾರ ಹೊರುವ ಶಕ್ತಿಯ ಸಂಕೇತವಾದರೆ, ‘ಡಬ್ಲ್ಯೂ’ ಗಂಟೆಗೆ 270 ಕಿಲೋಮೀಟರ್ ವೇಗ ತಾಳುತ್ತದೆ ಎಂಬುದರ ಗುರುತು. ನಮ್ಮಲ್ಲಿ ಎಕ್ಸ್‌ಪ್ರೆಸ್‌ವೇಗಳಲ್ಲಿ ಕಾರಿಗೆ 2018ರಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ ಗರಿಷ್ಠ ಮಿತಿ 120. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100. ಹಾಗಿದ್ದರೂ 270ರ ಟೈರು ನಮ್ಮೂರಿನ ಟೈರ್ ಅಂಗಡಿಯ ಕಪಾಟಿನಲ್ಲಿ ಕುಳಿತಿದೆ. ಅಲ್ಟ್ರಾ ಹೈ ಪರ್ಫಾರ್ಮೆನ್ಸ್, ಚಿಕ್ಕದಾಗಿ ಯುಎಚ್‌ಪಿ ಎಂದು ಕರೆಸಿಕೊಳ್ಳುವ ಈ ಟೈರು ಎಲ್ಲಿಂದ ಬಂತು, ಅದರಿಂದ ನಮಗೇನು ಲಾಭ?

ಗಾಳಿ ತುಂಬಿದ ಚಕ್ರಕ್ಕೆ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಜನ ಅದನ್ನು ಮರೆತೇಬಿಟ್ಟರು. 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಮತ್ತೆ ಕಂಡುಹಿಡಿದು ಸೈಕಲ್ಲಿಗೆ ಒದಗಿಸಿದ. 1895ರ ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ಓಟದಲ್ಲಿ ಮಿಶೆಲಿನ್ ಸಹೋದರರು ಅದನ್ನು ಕಾರಿಗೆ ತೊಡಿಸಿ ಓಡಿಸಿದರು. ಆಮೇಲೆ ರಬ್ಬರಿಗೆ ಕಾರ್ಬನ್ ಬ್ಲ್ಯಾಕ್ ಎಂಬ ಮಸಿ ಬೆರೆತು, ಬಿಳಿಚಿಕೊಂಡಿದ್ದ ಟೈರು ಕಪ್ಪಾಯಿತು, ಬಾಳಿಕೆಯೂ ಹೆಚ್ಚಿತು.

ನಿಜವಾದ ತಿರುವು ಬಂದದ್ದು ಟೈರಿನ ಒಡಲೊಳಗೆ. ಹಳೆಯ ಬಯಾಸ್ ಟೈರಿನಲ್ಲಿ ನೂಲಿನ ಪದರಗಳು ಚಾಪೆಯ ಹೆಣಿಗೆಯಂತೆ ಓರೆಯಾಗಿ ಒಂದರ ಮೇಲೊಂದು ಹಾಯುತ್ತಿದ್ದವು. ಪಕ್ಕೆ ಬಾಗಿದರೆ ನೆಲಕ್ಕೆ ತಾಗುವ ಭಾಗವೂ ಅದರ ಜೊತೆ ನುಲಿಯುತ್ತಿತ್ತು, ಪದರಗಳು ಉಜ್ಜಿಕೊಂಡು ಕಾಯುತ್ತಿದ್ದವು. 1946ರಲ್ಲಿ ಮಿಶೆಲಿನ್ ಪೇಟೆಂಟ್ ಪಡೆದು 1949ರಲ್ಲಿ ಮಾರುಕಟ್ಟೆಗೆ ತಂದ ರೇಡಿಯಲ್ ಟೈರು ಪಕ್ಕೆಯ ಕೆಲಸವನ್ನೂ ತಳದ ಕೆಲಸವನ್ನೂ ಬೇರೆ ಮಾಡಿತು. ನೂಲುಗಳು ಅಂಚಿನಿಂದ ಅಂಚಿಗೆ ನೇರವಾಗಿ ಹಾಯ್ದವು, ಮೇಲೆ ಉಕ್ಕಿನ ಪಟ್ಟಿ ಬಿಗಿಯಿತು. ಪಕ್ಕೆ ಎಷ್ಟು ಬಾಗಿದರೂ ತಳ ನೆಲದ ಮೇಲೆ ಚಪ್ಪಟೆಯಾಗಿ ಕೂರುವುದು ಸಾಧ್ಯವಾಯಿತು. ಭಾರತಕ್ಕೆ ಈ ತಂತ್ರ ತಡವಾಗಿ ಬಂತು. ಜೆಕೆ ಟೈರ್ ಇಲ್ಲಿ ರೇಡಿಯಲ್ ಶುರುಮಾಡಿದ್ದು 1977ರಲ್ಲಿ.

ಅಷ್ಟರಲ್ಲಿ ಯುರೋಪಿನಲ್ಲಿ ಕಾರುಗಳ ವೇಗ ಟೈರನ್ನು ಹಿಂದೆ ಹಾಕಿತ್ತು. ಜರ್ಮನಿಯ ಆಟೋಬಾನ್‌ನ ಎಷ್ಟೋ ಕಡೆ ವೇಗದ ಮಿತಿಯೇ ಇಲ್ಲ. 200 ದಾಟಿದಾಗ ಚಕ್ರದ ತಿರುಗುವ ಬಲ ಉಕ್ಕಿನ ಪಟ್ಟಿಯ ಅಂಚುಗಳನ್ನು ಹೊರಕ್ಕೆ ಎಳೆಯುತ್ತದೆ, ರಬ್ಬರು ಕಾದು ಕೀಳುವ ಭಯ. ಇದಕ್ಕೆ ಪಿರೆಲ್ಲಿ 1970ರ ದಶಕದ ನಡುವಿನಲ್ಲಿ ಪಿ7 ಟೈರಿನಲ್ಲಿ ಉತ್ತರ ಕೊಟ್ಟಿತು. ಪೀಪಾಯಿಗೆ ಕಬ್ಬಿಣದ ಬಳೆ ಹಾಕುವಂತೆ, ಉಕ್ಕಿನ ಪಟ್ಟಿಯ ಮೇಲೆ ನೈಲಾನ್ ದಾರವನ್ನು ಸುತ್ತಳತೆಯ ಗುಂಟ ಸುತ್ತಿತು. ಲಾನ್ಸಿಯಾ ಸ್ಟ್ರಾಟೋಸ್ ರ್‍ಯಾಲಿ ಕಾರಿಗೆಂದು ಹುಟ್ಟಿದ ಅದು ಪೋರ್ಷೆ 911 ಟರ್ಬೋಗೂ ಏರಿತು. ಪಕ್ಕೆಯ ಎತ್ತರವೂ ಇಳಿಯಿತು. ಎತ್ತರದ ಪಕ್ಕೆ ತಿರುವಿನಲ್ಲಿ ಮೊದಲು ತಾನು ವಾಲುತ್ತದೆ, ಆಮೇಲೆ ಕಾರನ್ನು ತಿರುಗಿಸುತ್ತದೆ. ಗಿಡ್ಡ ಪಕ್ಕೆಗೆ ಆ ಸೋಮಾರಿತನವಿಲ್ಲ. 1984ರ ಕಾರ್ವೆಟ್‌ಗೆ ಗುಡ್‌ಇಯರ್, 1987ರ ಫೆರಾರಿ ಎಫ್40ಗೆ ಪಿರೆಲ್ಲಿಯ ಪಿ ಝೀರೋ ಎಂದು ಸಾಲು ಬೆಳೆಯಿತು. ಯುಎಚ್‌ಪಿ ಎಂಬ ಹೆಸರಿಗೆ ಬಿಗಿಯಾದ ವ್ಯಾಖ್ಯೆಯಿಲ್ಲ. ಗಿಡ್ಡ ಪಕ್ಕೆ, 240 ಕಿಲೋಮೀಟರಿನ ‘ವಿ’ ಅಥವಾ ಅದಕ್ಕೂ ಮೇಲಿನ ‘ಡಬ್ಲ್ಯೂ’, 300ರ ‘ವೈ’ ಗುರುತು, ಹಿಡಿತವೇ ಗುರಿಯಾದ ಮೆದು ರಬ್ಬರು ಇದ್ದರೆ ಆ ಪಂಗಡಕ್ಕೆ ಸೇರಿದಂತೆ.

ಟೈರು ಮಾಡುವವರಿಗೆ ಮೂವರು ಯಜಮಾನರು: ಒದ್ದೆ ನೆಲದ ಹಿಡಿತ, ಸವೆತ ತಡೆಯುವ ಬಾಳಿಕೆ, ಇಂಧನ ಉಳಿಸುವ ಸಲೀಸು ಉರುಳಾಟ. ಒಬ್ಬರನ್ನು ಓಲೈಸಿದರೆ ಇನ್ನೊಬ್ಬರು ಮುನಿಯುತ್ತಾರೆ. ಈ ಜಗಳವನ್ನು ಬಹುಮಟ್ಟಿಗೆ ಬಿಡಿಸಿದ್ದು ಸಿಲಿಕಾ. ಚಕ್ರ ಉರುಳುವಾಗ ರಬ್ಬರು ಸುತ್ತಿಗೊಮ್ಮೆ ನಿಧಾನವಾಗಿ ಬಾಗುತ್ತದೆ. ಬ್ರೇಕ್ ಒತ್ತಿದಾಗ ಡಾಂಬರಿನ ಸಣ್ಣ ಉಬ್ಬುಗಳು ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕುಟ್ಟುತ್ತವೆ. ಕಪ್ಪು ಮಸಿ ತುಂಬಿದ ರಬ್ಬರು ಎರಡೂ ಕಡೆ ಶಕ್ತಿ ನುಂಗುತ್ತಿತ್ತು. ಸಿಲೇನ್ ಎಂಬ ಬೆಸುಗೆಯ ರಾಸಾಯನಿಕದ ಜೊತೆ ಸಿಲಿಕಾ ಬೆರೆಸಿದರೆ ಉರುಳುವಾಗ ಕಡಿಮೆ, ಬ್ರೇಕಿನಲ್ಲಿ ಹೆಚ್ಚು ನುಂಗುವಂತೆ ಪಳಗಿಸಬಹುದು. ಮಿಶೆಲಿನ್‌ನ ರೋಲಾಂಡ್ ರೌಲಿನ್ ಈ ಪೇಟೆಂಟಿನ ಹಿಂದಿದ್ದವರು. 1992ರಲ್ಲಿ ಅದು ‘ಹಸಿರು ಟೈರ್’ ಹೆಸರಿನಲ್ಲಿ ಬಂತು. ಸಿಲಿಕಾ ಬರೀ ರೇಸಿನ ಕಾರಿಗೆ ಮೀಸಲಾಗದೆ ಮಾಮೂಲಿ ಟೈರಿಗೂ ಇಳಿಯಿತು. ಹಾಗಾಗಿ ಇವತ್ತು ಒಳ್ಳೆಯ ಒದ್ದೆ ಹಿಡಿತಕ್ಕಾಗಿ 270ರ ಗುರುತನ್ನು ಕೊಳ್ಳಲೇಬೇಕೆಂದಿಲ್ಲ.

ಯುಎಚ್‌ಪಿ ಈ ಮೂವರಲ್ಲಿ ಹಿಡಿತದ ಪರ ನಿಂತು ಬಾಳಿಕೆಯನ್ನು ಬಿಟ್ಟುಕೊಟ್ಟ ಟೈರು. ಅಮೆರಿಕದ ಟ್ರೆಡ್‌ವೇರ್ ಅಂಕಿಯಲ್ಲಿ ಇದು ಕಾಣುತ್ತದೆ: ಈ ವರ್ಗಕ್ಕೆ 300ರ ಆಸುಪಾಸು, ದೂರ ಓಡಲೆಂದೇ ಮಾಡಿದ ಟೈರಿಗೆ 500, 600. ಅಂಕಿಯನ್ನು ತಯಾರಕರೇ ಕೊಡುವುದರಿಂದ ಒಂದೇ ಕಂಪನಿಯ ಎರಡು ಟೈರುಗಳನ್ನು ಹೋಲಿಸಲಷ್ಟೇ ಅದು ಸರಿಯಾದ ತಕ್ಕಡಿ.

ನಮ್ಮ ರಸ್ತೆಯಲ್ಲಿ ದೊಡ್ಡ ಬೆಲೆ ತೆರುವುದು ಪಕ್ಕೆ. 185/65 ಆರ್15 ಟೈರನ್ನು ತೆಗೆದು, ಅಂದಕ್ಕೆಂದು 205/45 ಆರ್17 ಅಲಾಯ್ ಹಾಕಿಸಿದರೆ ಚಕ್ರದ ಹೊರ ಅಳತೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ಪಕ್ಕೆ 120ರಿಂದ 92 ಮಿಲಿಮೀಟರಿಗೆ ಇಳಿಯುತ್ತದೆ. ರಿಮ್ಮಿಗೂ ಗುಂಡಿಗೂ ನಡುವೆ ಇದ್ದ ಗಾಳಿಯ ಹಾಸಿಗೆಯಲ್ಲಿ ಒಂದು ಇಂಚು ಹೋಯಿತು. ಮಳೆ ನೀರು ತುಂಬಿ ಆಳ ತಿಳಿಯದ ಗುಂಡಿಗೆ ಬಿದ್ದಾಗ ರಿಮ್ಮು ಪಕ್ಕೆಯನ್ನು ಜಜ್ಜಿ ಒಳಗಿನ ನೂಲು ತುಂಡಾಗಿ ಗುಳ್ಳೆ ಏಳುತ್ತದೆ. ಅದಕ್ಕೆ ಪಂಕ್ಚರ್ ಅಂಗಡಿಯವನ ಬಳಿ ಮದ್ದಿಲ್ಲ. ಅಗಲ ಹೆಚ್ಚಿದಷ್ಟೂ ನಿಂತ ನೀರಿನ ಮೇಲೆ ತೇಲುವ ಅಪಾಯವೂ ಹೆಚ್ಚು. ಸಾವಿರಾರು ಕಿಲೋಮೀಟರ್ ಓಡಿ ಟೈರಿನ ಕಾಲುವೆ ಸವೆದ ಮೇಲಂತೂ ಹೇಳುವುದೇ ಬೇಡ.

ಹಾಗೆಂದು ಈ ಟೈರನ್ನು ಬೇಡವೆನ್ನಲಾಗದು. ಬಲವಾದ ಎಂಜಿನ್ನಿನ ಕಾರು, ತುಂಬಿದ ತೂಕದ ಎಲೆಕ್ಟ್ರಿಕ್ ಕಾರು, ಕಂಪನಿಯೇ ಆ ಅಳತೆ ಕೊಟ್ಟ ಸೆಡಾನ್, ಆಗುಂಬೆಯಂಥ ಘಾಟಿಯನ್ನು ವಾರವಾರ ಹತ್ತಿಳಿಯುವವರು: ಇವರಿಗೆ ಅದರ ಖರ್ಚು ಬ್ರೇಕ್ ಒತ್ತಿದ ಕ್ಷಣದಲ್ಲಿ ವಸೂಲಾಗುತ್ತದೆ. ಉಳಿದವರು ಕಾರಿನ ಮೂಲ ಅಳತೆ ಬಿಡದೆ, ವೇಗದ ಗುರುತನ್ನೂ ಭಾರದ ಅಂಕಿಯನ್ನೂ ಕೆಳಗಿಳಿಸದೆ, ಒದ್ದೆ ಹಿಡಿತ ಚೆನ್ನಾಗಿರುವ ಮಾಮೂಲಿ ಟೈರು ಹಾಕಿಸಿದರೆ ಸಾಕು. ಹಾಕಿಸುವ ಮುನ್ನ ಪಕ್ಕೆಯ ನಾಲ್ಕಂಕಿ ನೋಡಿ: 2324 ಎಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ ಗಾಳಿ ಅಳೆಯಿಸಿ. ಕಾಲುವೆ 1.6 ಮಿಲಿಮೀಟರಿಗೆ ಇಳಿಯುವ ತನಕ ಕಾಯಬೇಡಿ.

ಒಂದು ಟೈರು ನೆಲ ಮುಟ್ಟುವುದು ಹೆಚ್ಚುಕಡಿಮೆ ಅಂಗೈಯಷ್ಟು ಜಾಗದಲ್ಲಿ. ನೂರೆಂಬತ್ತು ವರ್ಷಗಳ ತಂತ್ರವೆಲ್ಲ ಆ ನಾಲ್ಕು ಅಂಗೈಗಳಿಗಾಗಿಯೇ ನಡೆದದ್ದು. ಗಾಳಿ ಕಡಿಮೆಯಾದ, ಸವೆದು ನುಣ್ಣಗಾದ ಟೈರಿನ ಪಕ್ಕೆಯ ಮೇಲೆ ‘ವೈ’ ಎಂದಿದ್ದರೂ ಮಳೆಯ ದಿನ ಆ ಅಕ್ಷರ ಬ್ರೇಕ್ ಹಿಡಿಯುವುದಿಲ್ಲ.