ಹಿತ್ತಲಿಗೆ ಬಂದ ಕೊಕ್ಕರೆ

ಮಂಡ್ಯ ಜಿಲ್ಲೆಯಲ್ಲಿ ನಾಗಮಂಗಲದ ಕಡೆ ಒಂದು ಬೆಳ್ಳೂರಿದೆ, ಮದ್ದೂರು ತಾಲ್ಲೂಕಿನಲ್ಲಿ ಇನ್ನೊಂದು. ಈ ಎರಡನೆಯದು ಹಕ್ಕಿಯ ಹೆಸರನ್ನು ಮುಂದಿಟ್ಟುಕೊಂಡು ಕೊಕ್ಕರೆಬೆಳ್ಳೂರಾಗಿದೆ. ಚಳಿ ಶುರುವಾದ ಮೇಲೆ ಇಲ್ಲಿನ ಹುಣಸೆ, ಅರಳಿ ಮರಗಳಿಗೆ ದೊಡ್ಡ ದೊಡ್ಡ ಹಕ್ಕಿಗಳು ಬಂದಿಳಿದು ಗೂಡು ಕಟ್ಟತೊಡಗುತ್ತವೆ. ರಂಗನತಿಟ್ಟಿನಲ್ಲಾದರೆ ನಡುವೆ ಕಾವೇರಿಯ ನೀರಿದೆ, ದೋಣಿಯಲ್ಲಿ ಕೂತು ನೋಡಬೇಕು. ಇಲ್ಲಿ ಮರಗಳಿರುವುದೇ ಮನೆಗಳ ಹಿತ್ತಲಿನಲ್ಲಿ. ಮೇಲೆ ಮರಿಗಳಿಗೆ ಮೀನು ಉಣಿಸುವುದು ನಡೆದಿರುತ್ತದೆ, ಕೆಳಗೆ ಪಾತ್ರೆ ತೊಳೆಯುವುದು, ದನ ಕಟ್ಟುವುದು.

ಆ ಮರದತ್ತ ಕೈ ತೋರಿಸಿ ಹೊರಗಿನಿಂದ ಬಂದವರು ಹೇಳುವ ಮಾತು ಒಂದೇ: ಕೊಕ್ಕರೆ. ಎಷ್ಟು ಅಗಲವಾದ ಮಾತು ಇದು! ನೀರಿನಂಚಿನಲ್ಲಿ ಉದ್ದ ಕಾಲೂರಿ ನಿಂತ, ಉದ್ದ ಕೊಕ್ಕಿನ ಯಾವ ಹಕ್ಕಿಗೂ ಇದು ಒಪ್ಪುತ್ತದೆ. ಮಾತಿನ ಒಳಗೇ ಕೊಕ್ಕು ಕೂತಿದೆ. ನಮಗೆ ಕೊಕ್ಕು ಹಕ್ಕಿಯ ಅಂಗ. ತಮಿಳಿನಲ್ಲಿ ಅದೇ ಮಾತು ಇಡೀ ಹಕ್ಕಿಗೆ ಹೆಸರು. ತೆಲುಗಿನವರ ಕೊಂಗವೂ ಇದೇ ಬಳಗದ್ದು. ಕೆರೆ ಕಟ್ಟೆಗಳ ದಡದಲ್ಲಿ ಬದುಕಿದ ಜನ ಈ ಹಕ್ಕಿಯಲ್ಲಿ ಮೊದಲು ಕಂಡದ್ದು ಏನನ್ನು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಗಲವಾದ ಮಾತು ತಪ್ಪು ಮಾತು ಎಂದು ನಾನು ಒಪ್ಪುವುದಿಲ್ಲ. ಗುರುತು ಹಿಡಿಯುವ ಕೆಲಸ ಅಲ್ಲಿಂದಲೇ ಶುರುವಾಗಬೇಕು. ಮಗು 'ಅಗೋ ಕೊಕ್ಕರೆ' ಎಂದಾಗ ಅದು ಆಗಲೇ ಕಾಗೆ, ಹದ್ದು, ನವಿಲುಗಳನ್ನೆಲ್ಲ ಬದಿಗಿಟ್ಟಿರುತ್ತದೆ. ಅಲ್ಲಿಗೇ ನಿಂತುಬಿಟ್ಟರೆ ಮಾತ್ರ ನಷ್ಟ.

ಕೊಕ್ಕರೆಬೆಳ್ಳೂರಿನ ಮರವನ್ನೇ ನೋಡಿ. ಬಿಳಿ ಮೈ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಗರಿಯಿಲ್ಲದ ಕಿತ್ತಳೆಗೆಂಪು ಮುಖ, ತುದಿಯಲ್ಲಿ ತುಸು ಕೆಳಕ್ಕೆ ಬಾಗಿದ ದಪ್ಪ ಹಳದಿ ಕೊಕ್ಕು. ಇದು ಬಣ್ಣದ ಕೊಕ್ಕರೆ. ಬಾಲದ ಹತ್ತಿರ ರೆಕ್ಕೆಯ ಗರಿಗಳಿಗೆ ಹತ್ತಿರುವ ಗುಲಾಬಿ ಬಣ್ಣದಿಂದಲೇ ಅದಕ್ಕೆ ಆ ಹೆಸರು. ಮರಿಗಳಲ್ಲಿ ಈ ಸಿಂಗಾರ ಇರುವುದಿಲ್ಲ. ಮಾಸಲು ಕಂದು ಮೈಯ ಅವು ದೊಡ್ಡವುಗಳ ಬಣ್ಣಕ್ಕೆ ಬರಲು ಎರಡು ಮೂರು ವರ್ಷ ಬೇಕು. ಹಾಗಾಗಿ ಒಂದೇ ಗೂಡಿನ ತಾಯಿ ಮಕ್ಕಳನ್ನು ಬೇರೆ ಬೇರೆ ಜಾತಿಯೆಂದು ತಿಳಿಯುವವರುಂಟು. ದೊಡ್ಡವುಗಳಿಗೆ ಕೂಗು ಇಲ್ಲವೆನ್ನುವಷ್ಟು ಕಡಿಮೆ. ಗೂಡಿನಲ್ಲಿ ಕೊಕ್ಕಿನ ಮೇಲು ಕೆಳಗನ್ನು ಬಡಿದು ಕಟಕಟ ಸದ್ದು ಮಾಡುತ್ತವೆ.

ಪಕ್ಕದ ಕೊಂಬೆಯಲ್ಲಿ ಗಿಡ್ಡ ಕಾಲಿನ, ಬೂದುಬಿಳುಪಿನ ಭಾರೀ ಹಕ್ಕಿ ಕೂತಿರುತ್ತದೆ. ಕೊಕ್ಕಿನ ಕೆಳಗೆ ಜೋಳಿಗೆಯಂಥ ಚೀಲ, ಮೇಲ್ಭಾಗದುದ್ದಕ್ಕೂ ಚುಕ್ಕೆಗಳು, ಬೆರಳುಗಳ ನಡುವೆ ಜಾಲಪೊರೆ. ಹೊರಗಿನವರು ಇದನ್ನೂ ಕೊಕ್ಕರೆ ಎನ್ನುತ್ತಾರೆ. ಊರಿನವರ ಬಾಯಲ್ಲಿ ಅದು ಹೆಜ್ಜಾರ್ಲೆ.

ಎರಡೂ ಹಾರುವಾಗ ಇನ್ನೂ ಸುಲಭ. ಕೊಕ್ಕರೆ ಕತ್ತನ್ನು ಮುಂದಕ್ಕೆ ನೀಟಾಗಿ ಚಾಚಿ ಹಾರುತ್ತದೆ. ಹೆಜ್ಜಾರ್ಲೆ ಕತ್ತನ್ನು ಮಡಿಸಿ ಹೆಗಲಿಗೆ ಎಳೆದುಕೊಳ್ಳುತ್ತದೆ. ಬೂದು ಬಕವೂ ಬೆಳ್ಳಕ್ಕಿಯೂ ಕತ್ತು ಮಡಿಸಿಯೇ ಹಾರುವುದು, ಆದರೆ ಅವುಗಳ ಉದ್ದ ಕಾಲು ಬಾಲದ ಆಚೆಗೆ ಚಾಚಿರುತ್ತದೆ. ಗದ್ದೆಬದಿಯ ಮನೆಯವರಿಗೆ ಇನ್ನೊಂದು ಕೊಕ್ಕರೆಯೂ ಪರಿಚಯವಿದ್ದೀತು: ಬಾಯ್ಕಳಕ. ಕೊಕ್ಕು ಮುಚ್ಚಿದಾಗಲೂ ನಡುವೆ ಸಂದು ಉಳಿದಿರುತ್ತದೆ. ಅದರ ಮುಖ್ಯ ಆಹಾರ ನೀರಿನ ಬಸವನಹುಳು.

ಈ ಹಕ್ಕಿಗಳೆಲ್ಲ ಒಂದೇ ಮಾತಿನಡಿ ಸೇರಿದ್ದರಿಂದ ಕೊಕ್ಕರೆಗೆ ಒಂದು ಅನ್ಯಾಯವೂ ಆಗಿದೆ. ಕಪಟದ ಮೌನಕ್ಕೆ ನಾವು ಬಕಧ್ಯಾನ ಎನ್ನುತ್ತೇವೆ; ಮೀನುಗಳನ್ನು ನಂಬಿಸಿ ನುಂಗಿ, ಕೊನೆಗೆ ಏಡಿಯಿಂದ ಸತ್ತ ಪಂಚತಂತ್ರದ ಬಕ ಎಲ್ಲರಿಗೂ ಗೊತ್ತು. ಹಾಗೆ ಅಲುಗದೆ ನಿಂತು, ಕಣ್ಣಿಟ್ಟು ಕಾದು, ಮೀನು ಹತ್ತಿರ ಬಂದೊಡನೆ ತಿವಿಯುವುದು ಬೂದು ಬಕ. ಬಣ್ಣದ ಕೊಕ್ಕರೆಯ ದಾರಿ ಬೇರೆ. ಅರೆ ತೆರೆದ ಕೊಕ್ಕನ್ನು ನೀರಿನಲ್ಲಿ ಮುಳುಗಿಸಿ, ಕಾಲಿನಿಂದ ಕೆಸರು ಕದಡಿ, ಅತ್ತಿತ್ತ ಆಡಿಸುತ್ತಾ ನಡೆಯುತ್ತದೆ. ಮೀನು ತಾಗಿದ್ದೇ ತಡ, ಕೊಕ್ಕು ಮುಚ್ಚಿಕೊಳ್ಳುತ್ತದೆ. ಕಣ್ಣಿಗಿಂತ ಸ್ಪರ್ಶದಿಂದ ನಡೆಯುವ ಬೇಟೆ ಅದು, ನೀರು ರಾಡಿಯಾಗಿದ್ದರೂ ನಡೆಯುತ್ತದೆ. ಧ್ಯಾನದ ಆರೋಪ ಅದಕ್ಕೆ ಸಲ್ಲದು.

ಅರಣ್ಯಾಧಿಕಾರಿ ಎಸ್‌.ಜಿ. ನೇಗಿನಹಾಳರು 1976ರಲ್ಲಿ ಇಲ್ಲಿನ ಹೆಜ್ಜಾರ್ಲೆಗಳನ್ನು ಹೊರಜಗತ್ತಿನ ಗಮನಕ್ಕೆ ತಂದರು. ಊರಿನವರಿಗೆ ಅದು ಹೊಸ ಸುದ್ದಿಯಲ್ಲ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಅವರು ಈ ಹಕ್ಕಿಗಳನ್ನು ಕಾಣುತ್ತಾ ಬಂದವರು. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತಿತ್ತು ನಿಜ. ಗೂಡಿರುವ ಮರದಿಂದ ಹುಣಸೆ ಬಡಿಯಲಾಗದ ನಷ್ಟವೂ ಅಷ್ಟೇ ನಿಜ. ಆ ನಷ್ಟಕ್ಕೆ ಸರ್ಕಾರ ಪರಿಹಾರ ಕೊಡತೊಡಗಿದ್ದು ಆಮೇಲೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ಕೂಡಿದ ಊರಿನ ಯುವಕರು ತಮ್ಮ ಸಂಘಕ್ಕೆ ಇಟ್ಟುಕೊಂಡ ಹೆಸರು ಹೆಜ್ಜಾರ್ಲೆ ಬಳಗ. ಊರಿನ ಹೆಸರಲ್ಲಿ ಕೊಕ್ಕರೆ ಇದ್ದೂ ಅವರು ಆರಿಸಿಕೊಂಡದ್ದು ಇನ್ನೊಂದು ಹಕ್ಕಿಯನ್ನು. ದಿನವೂ ತಲೆಯ ಮೇಲೆ ಎರಡನ್ನೂ ಕಂಡವರಿಗೆ ಈ ವ್ಯತ್ಯಾಸವನ್ನು ಯಾರೂ ಕಲಿಸಬೇಕಿಲ್ಲ.

ಉಳಿದ ನಮಗೆ ಕಲಿಸಬೇಕು. ಶಾಲೆಯ ಪುಸ್ತಕದಲ್ಲಿ ಆ ಚೀಲದ ಹಕ್ಕಿಯ ಚಿತ್ರದ ಕೆಳಗೆ ಪೆಲಿಕನ್ ಎಂದಷ್ಟೇ ಬರೆದರೆ ಸಾಲದು, ಹೆಜ್ಜಾರ್ಲೆ ಎಂದೂ ಬರೆಯಬೇಕು. ಪತ್ರಿಕೆಯ ಫೋಟೊದಲ್ಲಿ ಬೂದು ಬಕವಿದ್ದರೆ ಬೂದು ಬಕ ಎಂದೇ ಅಚ್ಚಾಗಲಿ, ಬಾಯ್ಕಳಕವಿದ್ದರೆ ಬಾಯ್ಕಳಕ ಎಂದು. ಹೆಸರುಗಳು ಕನ್ನಡದಲ್ಲೇ ಇವೆ, ಹೊಸದಾಗಿ ಕಟ್ಟುವ ಕೆಲಸವಿಲ್ಲ.